ಪಾದ್ರಿಗಳೆಲ್ಲ ಜೆಸ್ವಿಟರಲ್ಲ

ಪತ್ರ: ಶೆಟ್ಟಿಹಳ್ಳಿ ಚರ್ಚಿನ ಲೇಖನದಲ್ಲಿ ‘ಫ್ರೆಂಚ್ ಪಾದ್ರಿಗಳು’ ಎಂದಿದ್ದೀರಿ. ಜೆಸ್ವಿಟರು ಎನ್ನಲು ಯಾಕೆ ಹಿಂಜರಿಕೆ? ಜೆಸ್ವಿಟ್ ಅಂದರೆ ಕಪಟಿ ಎಂದು ನಿಘಂಟೇ ಹೇಳುತ್ತದೆ. ತಿದ್ದುಪಡಿ ಹಾಕಿ. ನಮ್ಮ ಅಜ್ಜಿಯ ತವರೂ ಆ ಹೇಮಾವತಿ ಮುಳುಗಡೆಯಲ್ಲೇ ಹೋಯಿತು.
– ಓದುಗರು, ಸಕಲೇಶಪುರ

ಸಂಪಾದಕರ ಉತ್ತರ: ನಿಘಂಟು ತೆಗೆದು ನೋಡಿ ಪತ್ರ ಬರೆಯುವವರು ಈಗ ಎಷ್ಟು ಜನ ಇದ್ದಾರೆ ಸ್ವಾಮಿ? ಅದಕ್ಕೆ ಮೊದಲು ನಮಸ್ಕಾರ. ನೀವು ಹೇಳಿದ ಅರ್ಥ ಇಂಗ್ಲಿಷ್ ನಿಘಂಟುಗಳಲ್ಲಿ ಇರುವುದೂ ನಿಜ. ಆದರೆ ಅದು ಆಗದವರು ಬೈದು ಬೈದು ಅಂಟಿಸಿದ ಅರ್ಥ. ಮೊದಲನೆಯದನ್ನು ಬಿಟ್ಟು ನೇರ ಅಲ್ಲಿಗೇ ಹಾರಿದಿರಲ್ಲ!

ಲೊಯೋಲದ ಇಗ್ನೇಷಿಯಸ್ ಕಟ್ಟಿದ, 1540ರಲ್ಲಿ ಪೋಪರ ಒಪ್ಪಿಗೆ ಪಡೆದ ಯೇಸು ಸಭೆಗೆ ಸೇರಿದವರು ಮಾತ್ರ ಜೆಸ್ವಿಟರು. ನಿಲುವಂಗಿ ತೊಟ್ಟವರೆಲ್ಲ ಅಲ್ಲ. ಶೆಟ್ಟಿಹಳ್ಳಿಯ ಚರ್ಚು ಎದ್ದದ್ದು 1860ರ ದಶಕದಲ್ಲಿ, ಪ್ಯಾರಿಸ್ ಮಿಷನ್ ಎಂಬ ಬೇರೆಯೇ ಕ್ಯಾಥೊಲಿಕ್ ಸಂಸ್ಥೆಯವರ ಕಾಲದಲ್ಲಿ. ಬಾಳೆಹೊನ್ನೂರಿನ ಪೀಠವನ್ನು ಶೃಂಗೇರಿಯ ಶಾಖೆ ಎಂದು ನಾವು ಬರೆದಿದ್ದರೆ ಸುಮ್ಮನಿರುತ್ತಿದ್ದಿರಾ?

ಹಾಗೆಂದು ಜೆಸ್ವಿಟರು ಈ ಸೀಮೆಗೆ ಕಾಲಿಟ್ಟೇ ಇಲ್ಲ ಎಂದಲ್ಲ. 17ನೇ ಶತಮಾನದಲ್ಲೇ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಲಿಯೊನಾರ್ಡೊ ಚಿನ್ನಾಮಿ ಕನ್ನಡ ಕಲಿತು ವ್ಯಾಕರಣ ಬರೆದರು. 1773ರಲ್ಲಿ ಪೋಪರೇ ಸಭೆಯನ್ನು ಮುಚ್ಚಿಸಿದರು. ಅದಕ್ಕೆ ಮತ್ತೆ ಪೂರ್ತಿ ಜೀವ ಬಂದದ್ದು 1814ರಲ್ಲಿ. ನಡುವೆ, 1792ರಲ್ಲಿ, ಭಾರತಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅವರನ್ನೂ ಜೆಸ್ವಿಟ್ ಎಂದು ಬರೆದುಬಿಡುತ್ತಾರೆ. ಅವರೂ ಪ್ಯಾರಿಸ್ ಮಿಷನ್ನಿನವರೇ.

ಇದರಲ್ಲೊಂದು ಸ್ವಾರಸ್ಯವಿದೆ, ಕೇಳಿ. ಹಿಂದೂ ಆಚಾರ–ವಿಚಾರಗಳ ಬಗ್ಗೆ ದುಬಾಯ್ ಹೆಸರಿನಲ್ಲಿ ಬಂದ ಪುಸ್ತಕ ಬಹುಮಟ್ಟಿಗೆ ಕ್ಯೋರ್ದೂ ಎಂಬ ಅಸಲಿ ಜೆಸ್ವಿಟರ ಹಸ್ತಪ್ರತಿಯಿಂದ ಎತ್ತಿದ್ದು ಎಂದು ಸಿಲ್ವಿಯಾ ಮೂರ್ ಎಂಬ ವಿದ್ವಾಂಸೆ 1987ರಲ್ಲಿ ತೋರಿಸಿಕೊಟ್ಟರು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಬಳಗದವು ಎಂದು ಇದೇ ಕ್ಯೋರ್ದೂ 1767ರಲ್ಲೇ ಪ್ಯಾರಿಸಿಗೆ ಬರೆದಿದ್ದರು. ಅದು ಅಚ್ಚಾದದ್ದು 1808ರಲ್ಲಿ! ಅಷ್ಟರಲ್ಲಿ ಕಲ್ಕತ್ತೆಯ ನ್ಯಾಯಾಧೀಶ ವಿಲಿಯಂ ಜೋನ್ಸ್ 1786ರಲ್ಲಿ ಅದೇ ಮಾತು ಹೇಳಿ ಹೆಸರು ಮಾಡಿಯಾಗಿತ್ತು. ಕಪಟಿ ಎನ್ನಿಸಿಕೊಂಡವರ ಪಾಲಿಗೆ ಬಂದದ್ದು ಇಷ್ಟು.

ನಿಮ್ಮೊಬ್ಬರನ್ನೇ ಗದರಿ ಏನು ಬಂತು? ಈಗ ಶೆಟ್ಟಿಹಳ್ಳಿಗೆ ಹೋದರೆ ಸೂರಿಲ್ಲದ ಕಮಾನಿನಡಿ ಗೌನಿನ ಅಂಚು ಎತ್ತಿಹಿಡಿದು ನಿಂತ ಮದುಮಗಳು, ತಲೆ ಮೇಲೆ ಗುಂಯ್ ಎನ್ನುವ ಡ್ರೋನು. ಕಟ್ಟಿದವರು ಯಾರು, ಹೇಮಾವತಿಯ ಹಿನ್ನೀರು ಏರಿದಾಗ ಊರು ಬಿಟ್ಟವರು ಎಲ್ಲಿಗೆ ಹೋದರು, ಯಾರಿಗೆ ಬೇಕು? ಮಳೆಗಾಲದಲ್ಲಿ ಎಲ್ಲಿಯವರೆಗೆ ಮುಳುಗುತ್ತದೆ ಎಂಬುದಷ್ಟೇ ರೀಲಿಗೆ ಸಾಕು.

ತಿದ್ದುಪಡಿ ಹಾಕುವುದಿಲ್ಲ. ಆದರೆ ಅಜ್ಜಿಯ ತವರಿನ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ, ಅದನ್ನು ನಾಲ್ಕು ಪುಟ ಬರೆದು ಕಳಿಸಿ. ಮುಂದಿನ ತಿಂಗಳು 10ರೊಳಗೆ ತಲುಪಿದರೆ ಆ ಸಂಚಿಕೆಯಲ್ಲೇ ಹಾಕುತ್ತೇವೆ.