ಕಾಲು ಅಳತೆಯ ಕಬ್‌ಗೆ 30 ಸಿಸಿ ಸಾಕೇ, 55 ಬೇಕೇ?

ಪ್ರಶ್ನೆ: ಇಷ್ಟು ದಿನ ಗ್ಲೋ ಎಂಜಿನ್ನಿನ (ಮೆಥನಾಲ್ ಇಂಧನದ ಪುಟ್ಟ ಎಂಜಿನ್) ಸಣ್ಣ ರಿಮೋಟ್ ಕಂಟ್ರೋಲ್ ವಿಮಾನಗಳನ್ನು ಹಾರಿಸುತ್ತಿದ್ದೆ. ಈಗ ಪೈಪರ್ ಜೆ-3 ಕಬ್‌ನ ಕಾಲು ಅಳತೆಯ (1:4) ಮಾದರಿ ಕಟ್ಟುತ್ತಿದ್ದೇನೆ. ರೆಕ್ಕೆ ಸುಮಾರು 2.7 ಮೀಟರ್, ತೂಕ 8 ಕೆ.ಜಿ. ಆಸುಪಾಸು. ಗೆಳೆಯರು 55 ಸಿಸಿ ಪೆಟ್ರೋಲ್ ಎಂಜಿನ್ ಹಾಕು, ಪವರ್ ಹೆಚ್ಚಿದ್ದರೆ ನಷ್ಟವೇನು ಅನ್ನುತ್ತಾರೆ. ಸೆಕೆಂಡ್ ಹ್ಯಾಂಡ್ 30 ಸಿಸಿ ಎಂಜಿನ್ ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ. ಯಾವುದು ಸರಿ? ಬಂಕಿನ ಪೆಟ್ರೋಲ್ ನಡೆಯುತ್ತದೆಯೇ?
– ಓದುಗರು, ಮೈಸೂರು

ಉತ್ತರ: 30 ಸಿಸಿಯೇ ಸರಿ. ಗೆಳೆಯರ ಮಾತು ಏರೋಬ್ಯಾಟಿಕ್ ವಿಮಾನಕ್ಕಾದರೆ ಒಪ್ಪುತ್ತಿತ್ತು, ಕಬ್‌ಗಲ್ಲ. ಅಸಲಿ ಜೆ-3 ಹಾರಿದ್ದು 65 ಅಶ್ವಶಕ್ತಿಯ ಎಂಜಿನ್ನಿನಲ್ಲಿ, ಸುಮಾರು 72 ಇಂಚಿನ ಪ್ರೊಪೆಲ್ಲರ್ ಕಟ್ಟಿಕೊಂಡು. ಅದರ ಕಾಲು ಭಾಗ 18 ಇಂಚು. 30 ಸಿಸಿ ಟೂ-ಸ್ಟ್ರೋಕ್ ಎಂಜಿನ್ ಹಾಯಾಗಿ ತಿರುಗಿಸುವ ಪ್ರೊಪೆಲ್ಲರ್ ಕೂಡ 18x8ರ (18 ಇಂಚು ಉದ್ದ, ಒಂದು ಸುತ್ತಿಗೆ 8 ಇಂಚು ಮುನ್ನುಗ್ಗುವ ಓರೆ) ಆಸುಪಾಸಿನದೇ. 55 ಸಿಸಿಗೆ 22 ಇಂಚಿನದು ಬೇಕು. ಅಷ್ಟು ದೊಡ್ಡ ಪ್ರೊಪೆಲ್ಲರ್ ಐಡಲ್‌ನಲ್ಲೂ ಎಳೆಯುತ್ತಲೇ ಇರುತ್ತದೆ. ಕಬ್ ಮೊದಲೇ ತೇಲುವ ಜಾತಿ; ಥ್ರಾಟಲ್ ಪೂರ್ತಿ ಇಳಿಸಿದರೂ ರನ್‌ವೇ ಮುಗಿಯುವ ತನಕ ನೆಲ ಮುಟ್ಟುವುದಿಲ್ಲ. ಅರಿವಿಲ್ಲದೆ ಫುಲ್ ಥ್ರಾಟಲ್‌ನಲ್ಲಿ ಡೈವ್ ಹೊಡೆದರಂತೂ ಐಲೆರಾನ್ (ರೆಕ್ಕೆಯ ಹಿಂಬದಿಯ ಮಡಚು ಪಟ್ಟಿ) ನಡುಗಲು ಶುರುವಾಗಿ ರೆಕ್ಕೆಗೇ ಸಂಚಕಾರ.

ಕಬ್‌ನ ಮೂತಿ ಗಿಡ್ಡ, ಮುಂದೆ ತೂಕ ಬೇಕೇ ಬೇಕು ಎಂದು ಗೆಳೆಯರು ವಾದಿಸಬಹುದು. ಅದು ಸುಳ್ಳಲ್ಲ. ಆದರೆ 30 ಸಿಸಿ ಎಂಜಿನ್ನೇ ಸುಮಾರು 900 ಗ್ರಾಂ ತೂಗುತ್ತದೆ, ಮಫ್ಲರ್ ಬೇರೆ. ಪ್ಲಗ್ಗಿಗೆ ಕಿಡಿ ಕೊಡುವ ಇಗ್ನಿಷನ್ ಮಾಡ್ಯೂಲನ್ನೂ ಅದರ ಬ್ಯಾಟರಿಯನ್ನೂ ಫೈರ್‌ವಾಲ್ (ಎಂಜಿನ್ ಕೂರುವ ಮುಂದಿನ ಗೋಡೆ) ಹತ್ತಿರವೇ ಕೂರಿಸಿ. ಆಮೇಲೆ ಬ್ಯಾಲೆನ್ಸ್ ನೋಡಿ, ಸಾಲದಿದ್ದರಷ್ಟೇ ಸೀಸ. ಮೈಸೂರು ಸಮುದ್ರಮಟ್ಟದಿಂದ 750 ಮೀಟರ್‌ಗೂ ಎತ್ತರದಲ್ಲಿರುವುದರಿಂದ ಗಾಳಿಯ ಸಾಂದ್ರತೆ ಶೇ 7ರಷ್ಟು ಕಡಿಮೆ, ಪವರ್ ಕೂಡ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. 8 ಕೆ.ಜಿ.ಯ ಕಬ್‌ಗೆ ಆ ಕೊರತೆ ಗೊತ್ತೂ ಆಗುವುದಿಲ್ಲ. ಹಾಂ, ಮಂಗಳೂರಿನಲ್ಲಿ ಟ್ಯೂನ್ ಮಾಡಿದ ಎಂಜಿನ್ ಕೈಗೆ ಬಂದರೆ ಇಲ್ಲಿ ಅದು ರಿಚ್ (ಗಾಳಿಗಿಂತ ಪೆಟ್ರೋಲ್ ಹೆಚ್ಚಾಗಿ) ಓಡುತ್ತದೆ. ಪೆಟ್ರೋಲ್ ಹರಿವು ಹೊಂದಿಸುವ ನೀಡಲ್ ಸ್ವಲ್ಪ ಬಿಗಿ ಮಾಡಬೇಕಾದೀತು.

ಶಬ್ದವೂ ಅಸಲಿಯಂತಿರಲಿ ಅನ್ನುವವರು ಫೋರ್-ಸ್ಟ್ರೋಕ್ ಹಾಕುತ್ತಾರೆ. ಕಬ್‌ಗೆ ಒಪ್ಪುತ್ತದೆ, ಜೇಬಿಗೆ ಅಲ್ಲ. ಜೊತೆಗೆ ವಾಲ್ವ್ ಗ್ಯಾಪ್ ನೋಡುವ ಕೆಲಸ. ಮೊದಲ ಪೆಟ್ರೋಲ್ ಎಂಜಿನ್ನಿಗೆ ಬೇಡ.

ಇನ್ನು ಪೆಟ್ರೋಲ್. ಬಂಕಿನದರಲ್ಲಿ ಈಗ ಶೇ 20ರ ತನಕ ಎಥನಾಲ್ ಇರುತ್ತದೆ. ಎಂಜಿನ್ ಓಡುವುದೇನೋ ಓಡುತ್ತದೆ, ಪೆಟ್ಟು ಬೀಳುವುದು ಕಾರ್ಬ್ಯುರೇಟರಿಗೆ. ಈ ಎಂಜಿನ್‌ಗಳಲ್ಲಿ ಮರ ಕೊಯ್ಯುವ ಯಂತ್ರದ ಮಾದರಿಯ ವಾಲ್‌ಬ್ರೊ ಕಾರ್ಬ್ಯುರೇಟರ್ ಇರುತ್ತದೆ. ಅದರೊಳಗಿನ ತೆಳು ಡಯಾಫ್ರಮ್ ಕ್ರ್ಯಾಂಕ್‌ಕೇಸಿನ ಒತ್ತಡದ ಏರಿಳಿತಕ್ಕೆ ಮಿಡಿದು ಪೆಟ್ರೋಲ್ ಎಳೆಯುತ್ತದೆ. ಗ್ಲೋ ಎಂಜಿನ್ನಿನ ಹಾಗೆ ಮಫ್ಲರಿನಿಂದ ಟ್ಯಾಂಕಿಗೆ ಪ್ರೆಷರ್ ಪೈಪ್ ಬೇಕಿಲ್ಲ. ಎಥನಾಲ್ ಆ ಡಯಾಫ್ರಮನ್ನು ಬಿರುಸಾಗಿಸುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಹಾಗಾಗಿ ಎಥನಾಲ್ ಇಲ್ಲದ ಪ್ರೀಮಿಯಂ ಪೆಟ್ರೋಲ್ ಸಿಕ್ಕರೆ ಅದನ್ನೇ ಹಾಕಿ. ಬೆಲೆ ಜಾಸ್ತಿ, ಆದರೆ ನಿಮಗೆ ಬೇಕಾಗುವುದು ಲೀಟರ್ ಲೆಕ್ಕದಲ್ಲಿ ತಾನೆ? ಸಿಗದಿದ್ದರೆ ದಿನದ ಹಾರಾಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರ್ ಒಣಗುವ ತನಕ ಐಡಲ್‌ನಲ್ಲಿ ಓಡಿಸಿ ನಿಲ್ಲಿಸಿ.

ಆಯಿಲ್ ಏರ್-ಕೂಲ್ಡ್ ಎಂಜಿನ್ನಿನ ಒಳ್ಳೆಯ 2ಟಿ ಇರಲಿ, ದೋಣಿ ಎಂಜಿನ್ನಿನದು ಬೇಡ. ಬ್ರೇಕ್-ಇನ್ (ಹೊಸ ಎಂಜಿನ್ ಪಳಗಿಸುವ) ವೇಳೆ ಪೆಟ್ರೋಲ್-ಆಯಿಲ್ 30:1, ಅಂದರೆ ಲೀಟರಿಗೆ 33 ಎಂ.ಎಲ್.; ಮುಂದಕ್ಕೆ ಎಂಜಿನ್ನಿನ ಕೈಪಿಡಿ ಹೇಳಿದಷ್ಟು. ಗ್ಲೋದಲ್ಲಿ ಬಳಸುತ್ತಿದ್ದ ಸಿಲಿಕೋನ್ ಪೈಪನ್ನು ಮಾತ್ರ ಇಲ್ಲಿಗೆ ತರಬೇಡಿ, ಪೆಟ್ರೋಲಿಗೆ ಊದಿಕೊಂಡು ಹಾಳಾಗುತ್ತದೆ. ಹಳದಿ ಟೈಗಾನ್ ಪೈಪ್ ಕೇಳಿ. ಟ್ಯಾಂಕಿನ ರಬ್ಬರ್ ಬಿರಡೆಯೂ ಪೆಟ್ರೋಲ್ ತಾಳುವಂಥದ್ದೇ ಇರಲಿ.

55 ಬಿಟ್ಟು 30 ಕೊಂಡಾಗ ಉಳಿಯುವ ದುಡ್ಡಲ್ಲಿ ಒಂದು ಆಪ್ಟಿಕಲ್ ಕಿಲ್ ಸ್ವಿಚ್ ತೆಗೆದುಕೊಳ್ಳಿ. ಟ್ರಾನ್ಸ್‌ಮಿಟರಿನಿಂದಲೇ ಇಗ್ನಿಷನ್ ಕಡಿಯುವ ಸೌಲಭ್ಯವಿಲ್ಲದೆ ಪೆಟ್ರೋಲ್ ವಿಮಾನ ಹಾರಿಸಬಾರದು ಎನ್ನುವವರಲ್ಲಿ ನಾನೂ ಒಬ್ಬ. ಸಿಗ್ನಲ್ ತಪ್ಪಿದರೆ ಥ್ರಾಟಲ್ ಮುಚ್ಚಿ ಇಗ್ನಿಷನ್ನೂ ಆಫ್ ಆಗುವಂತೆ ಫೇಲ್‌ಸೇಫ್ ಹೊಂದಿಸಿ. ರಿಸೀವರ್ ಇಗ್ನಿಷನ್‌ನಿಂದ ಒಂದಡಿಯಾದರೂ ದೂರವಿರಲಿ. ಥ್ರಾಟಲ್ ಕಡ್ಡಿ ನೈಲಾನಿನದಾಗಲಿ. ಲೋಹದ ಕಡ್ಡಿ ಇಗ್ನಿಷನ್ನಿನ ಗದ್ದಲವನ್ನು ನೇರ ಸರ್ವೋಗೆ (ಕಡ್ಡಿ ಎಳೆಯುವ ಪುಟ್ಟ ಮೋಟರಿಗೆ) ಹೊತ್ತು ತರುತ್ತದೆ. ಕೌಲಿಂಗ್ (ಎಂಜಿನ್ ಮುಚ್ಚುವ ಮೂತಿಯ ಹೊದಿಕೆ) ಒಳಗೆ ಬರುವ ಗಾಳಿ ಸಿಲಿಂಡರಿನ ಫಿನ್‌ಗಳ ಸಂದಿಯಲ್ಲೇ ಹಾಯುವಂತೆ ಬಾಲ್ಸಾ ಹಾಳೆಯಿಂದ ಅಡ್ಡಗೋಡೆ ಕಟ್ಟಿ. ಗಾಳಿ ಹೊರಹೋಗುವ ಕಿಂಡಿ ಒಳಬರುವ ಕಿಂಡಿಯ ಎರಡು ಪಟ್ಟಾದರೂ ಇರಲಿ.

ಆ ಸೆಕೆಂಡ್ ಹ್ಯಾಂಡ್ ಎಂಜಿನ್ನಿಗೆ ದುಡ್ಡು ಕೊಡುವ ಮೊದಲು ಪ್ಲಗ್ ಕ್ಯಾಪ್ ಕಳಚಿ, ಪ್ರೊಪೆಲ್ಲರ್ ಹಬ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಕಂಡರೆ ಬೇರಿಂಗ್ ಹೋಗಿದೆ. ಬೇರಿಂಗ್ ಬದಲಾಯಿಸಬಹುದು, ಅಷ್ಟಕ್ಕೆ ಬೆಲೆ ಇಳಿಸಿ ಕೇಳಿ. ನಂತರ ಮಫ್ಲರ್ ಬಿಚ್ಚಿಸಿ ಟಾರ್ಚ್ ಹಾಕಿ ಎಕ್ಸಾಸ್ಟ್ ಪೋರ್ಟಿನೊಳಗೆ ನೋಡಿ. ಪಿಸ್ಟನ್ ಮೇಲೆ ಉದ್ದುದ್ದ ಗೀರು ಎದ್ದಿದ್ದರೆ ಆಯಿಲ್ ಇಲ್ಲದೆಯೋ ಲೀನ್ (ಪೆಟ್ರೋಲ್ ಕಡಿಮೆ) ಆಗಿಯೋ ಓಡಿದ ಎಂಜಿನ್ ಅದು. ಎಷ್ಟೇ ಕಡಿಮೆಗೆ ಕೊಟ್ಟರೂ ಬಿಟ್ಟುಬಿಡಿ.