ಕೊಂದುಕ್ತೋರ್ ಅಂದರೆ ಡ್ರೈವರ್, ತಮ್ಮಾ

ಮುಂದಿನ ತಿಂಗಳು ಪಿಟೀಲು ಹೆಗಲಿಗೇರಿಸಿ ಮೈಸೂರಿನಿಂದ ಸ್ಪೇನಿನ ಸೆವಿಯಾಕ್ಕೆ ಬರುತ್ತಿದ್ದೀನಿ, ನುಡಿಸುವವರಿಗೆ ಬೇಕಾದ ಸ್ಪ್ಯಾನಿಷ್ ಪದ ಯಾವುವು ಅಂತ ಕೇಳಿದ್ದೀಯ. ಅಕ್ಕ ಅಂದೆಯಲ್ಲ, ಅದಕ್ಕೇ ‘ನೀನು’ ಅಂತ ಬರೆಯುತ್ತಿದ್ದೇನೆ. ನಾನು ಮಂಡ್ಯದವಳು. ಇಲ್ಲಿಗೆ ಬಂದು 11 ವರ್ಷ ಆಯ್ತು, ನನ್ನದೂ ಪಿಟೀಲೇ.

ವಾದ್ಯಗಳ ಹೆಸರು ಉರು ಹೊಡೆಯಬೇಡ. ವಿಯೊಲಿನ್, ಪಿಯಾನೊ ಎಲ್ಲ ಕೇಳಿದ ಕೂಡಲೇ ಗೊತ್ತಾಗುತ್ತೆ. ನೀನು ವಿಯೊಲಿನಿಸ್ತಾ, ನಾನೂ ವಿಯೊಲಿನಿಸ್ತಾ. ಗಂಡು ಹೆಣ್ಣಿಗೆ ಒಂದೇ ಪದ. ಕೈಕೊಡೋದು ಗೊತ್ತಿರುವ ಹಾಗೆ ಕಾಣುವ ಪದಗಳು. ವಾದ್ಯವೃಂದ ನಡೆಸುವವರು ಇಲ್ಲಿ ದಿರೆಕ್ತೋರ್. ಕೊಂದುಕ್ತೋರ್ ಅಂದರೆ ಗಾಡಿ ಓಡಿಸುವವನು. ನಮ್ಮ ಮಂಡ್ಯ ಬಸ್ಸಿನಲ್ಲಿ ಟಿಕೆಟ್ ಕೊಡುವವನಿಗೆ ಇಲ್ಲಿ ಸ್ಟೀರಿಂಗ್ ಸಿಕ್ಕಿದೆ!

ನುಡಿಸೋದಕ್ಕೆ ತೊಕಾರ್. ಮುಟ್ಟೋದಕ್ಕೂ ಅದೇ ಪದ. ಇಂಗ್ಲಿಷಿನ ‘ಪ್ಲೇ’ ತಲೆಯಲ್ಲಿಟ್ಟುಕೊಂಡು ಹುಗಾರ್ ಅಂದರೆ, ಪಿಟೀಲು ಹಿಡಿದು ಆಟ ಆಡ್ತೀನಿ ಅಂದ ಹಾಗೆ. ‘ಮೆ ತೋಕಾ’ ಅಂದರೆ ಈಗ ನನ್ನ ಸರದಿ.

ನಾನು ಜಾಸ್ತಿ ಒದ್ದಾಡಿದ್ದು ಸ್ವರದ ಹೆಸರಿನಲ್ಲಿ. ಮೊದಲ ಎನ್ಸಾಯೊ, ಅಂದರೆ ರಿಹರ್ಸಲ್. ಗಿಟಾರಿನವರು ‘ರೆ’ ಅಂದರು. ನನ್ನ ಶ್ರುತಿಪೆಟ್ಟಿಗೆ ಐದನೇ ಮನೆಯಲ್ಲಿತ್ತು, ಅಂದರೆ ನನ್ನ ಸಾ ಇವರ ‘ಸೊಲ್’. ರೆ ಅಂದರೆ ರಿಷಭ ತಾನೇ ಅಂತ ಚತುಶ್ರುತಿ ರಿಷಭ ಹಿಡಿದು ಗಟ್ಟಿಯಾಗಿ ಕಮಾನು ಎಳೆದೆ. ಎಲ್ಲರೂ ತಿರುಗಿ ನೋಡಿದರು. ನಾನು ನುಡಿಸಿದ್ದು ಅವರ ‘ಲಾ’. ನಮ್ಮ ಸಾ ಎಲ್ಲಿ ಕೂರಿಸಿದರೆ ಅಲ್ಲಿ ಕೂರುತ್ತೆ. ಇವರ ಸಾಲಿನ ಮೊದಲ ಸ್ವರ ದೊ, ಅದು ಒಂದನೇ ಮನೆ ಬಿಟ್ಟು ಕದಲೋದಿಲ್ಲ, ರೆ ಯಾವಾಗಲೂ ಎರಡನೇ ಮನೆ. ಸೊಸ್ತೆನೀದೊ ಅಂದರೆ ಅರ್ಧ ಮನೆ ಮೇಲೆ, ಬೆಮೋಲ್ ಅಂದರೆ ಅರ್ಧ ಮನೆ ಕೆಳಗೆ.

ಇಷ್ಟು ಕಲಿತೆ ಅನ್ನುವಷ್ಟರಲ್ಲಿ ಫ್ಲಮೆಂಕೊದವರು, ಅಂದರೆ ಇಲ್ಲಿನ ಹಾಡು, ಕುಣಿತ, ಗಿಟಾರು ಸೇರಿದ ಕಲೆಯವರು, ಅದನ್ನೂ ಕೆಡಿಸಿದರು. ಗಿಟಾರಿನ ಕತ್ತಿಗೆ ಒಂದು ಕ್ಲಿಪ್ಪು ಹಾಕುತ್ತಾರೆ, ಸೆಹೀಯಾ ಅಂತ. ಹಾಡುವವರ ಗಂಟಲಿಗೆ ತಕ್ಕಂತೆ ಅದನ್ನು ಮೇಲೆ ಕೆಳಗೆ ಸರಿಸುತ್ತಾರೆ. ಆಗ ಬಾಯಲ್ಲಿ ಹೇಳೋದು ಬೆರಳಿನ ಹಿಡಿತದ ಹೆಸರು, ಕಿವಿಗೆ ಬೀಳೋದು ಬೇರೆ ಸ್ವರ. ಮಾತು ನಂಬಬೇಡ, ಒಂದು ತಂತಿ ಮೀಟಿಸಿ ಕೇಳಿಬಿಡು.

ಕೊಂಪಾಸ್ ಅನ್ನೋ ಪದವನ್ನು ಮಾತ್ರ ಚೆನ್ನಾಗಿ ಜೀರ್ಣ ಮಾಡಿಕೋ. ಪಾಶ್ಚಾತ್ಯ ಸಂಗೀತದವರಿಗೆ ಅದು ಬರೆದ ಸ್ವರಲಿಪಿಯಲ್ಲಿ ಎರಡು ಗೆರೆ ನಡುವಿನ ಲೆಕ್ಕ. ಫ್ಲಮೆಂಕೊದವರಿಗೆ ಇಡೀ ಆವರ್ತ (ತಾಳದ ಒಂದು ಸುತ್ತು), ಲಯ, ಮರ್ಯಾದೆ ಎಲ್ಲ ಅದೇ. ಸೊಲೆಯಾ ಅನ್ನುವ ಪ್ರಕಾರದಲ್ಲಿ 12 ಎಣಿಕೆ. ಒತ್ತು 3, 6, 8, 10, 12ರ ಮೇಲೆ. ಹತ್ತಾದ ಮೇಲೆ ಬಾಯಲ್ಲಿ ಮತ್ತೆ ‘ಉನ್, ದೋಸ್’, ಅಂದರೆ ಒಂದು, ಎರಡು ಅಂತಾರೆ. ನಾನು ಆವರ್ತ ಮುಗೀತು ಅಂದುಕೊಂಡು ಎರಡು ಸಲ ಬೇಗ ಎತ್ತಿದೆ. ಮನೆಯಲ್ಲಿ ತೊಡೆ ಮೇಲೆ ಕೈ ಹಾಕಿ ಎಣಿಸಿ ಅಭ್ಯಾಸ ಮಾಡು. ಚಪ್ಪಾಳೆ ಹಾಕುವವರಿಗೆ, ಅದನ್ನು ಪಾಲ್ಮಾಸ್ ಅಂತಾರೆ, ಸುಮ್ನೆ ಜೊತೆಗೂಡಬೇಡ. ಅದೂ ಒಂದು ವಾದ್ಯವೇ.

ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೋ. ಇವರ ತ, ದ ಉಚ್ಚಾರ ಹೆಚ್ಚುಕಡಿಮೆ ನಮ್ಮದೇ.

‘ಓತ್ರಾ ಬೆಸ್’ ಅಂದರೆ ಇನ್ನೊಂದು ಸಲ. ರಿಹರ್ಸಲ್‌ನಲ್ಲಿ ದಿನಕ್ಕೆ ನೂರು ಸಲ ಕೇಳುತ್ತೀಯ, ಬೇಜಾರಾಗಬೇಡ. ಕಚೇರಿ ಮುಗಿದ ಮೇಲೆ ಜನ ‘ಓತ್ರಾ, ಓತ್ರಾ’ ಅಂದರೆ ಇನ್ನೊಂದು ನುಡಿಸಬೇಕು.

ಇನ್ನೊಂದು. ವೇದಿಕೆ ಹತ್ತುವ ಮುಂಚೆ ಯಾರಾದರೂ ‘ಮುಚಾ ಮಿಯೆರ್ದಾ’ ಅಂದರೆ ಸಿಟ್ಟಾಗಬೇಡ. ಅಕ್ಷರಶಃ ಅರ್ಥ ‘ರಾಶಿ ಹೇಲು’. ಕಲಾವಿದರ ನಡುವೆ ಅದು ಹಾರೈಕೆ. ಅಮ್ಮ ಫೋನಿನಲ್ಲಿ ಅದನ್ನು ಕೇಳಿಸಿಕೊಂಡು ಏನೇ ಅದು ಅಂದರು. ಒಳ್ಳೇದಾಗ್ಲಿ ಅಂತಮ್ಮ, ಅಂದೆ. ಈಗ ಪ್ರತಿ ಕಚೇರಿಗೂ ಮುಂಚೆ ಮಂಡ್ಯದಿಂದ ಫೋನ್ ಮಾಡಿ ಅದನ್ನೇ ಹೇಳುತ್ತಾರೆ.