ಹೆರಿಗೆಯಾಗಿ ತಿಂಗಳಾದರೂ ತಂಗಿಯ ಅಳು ನಿಂತಿಲ್ಲ. ಬಸುರಿದ್ದಾಗ ಗಂಡ ಹೊಡೆದದ್ದೇ ಕಾರಣವೇ?

ಅದೊಂದೇ ಅಂತ ಹೇಳಲಾಗದು, ಆದರೆ ಸಂಬಂಧ ಖಂಡಿತ ಇದೆ. ಬಸಿರಿನಲ್ಲಿ ಏಟು, ಬೆದರಿಕೆ ಉಂಡವರಲ್ಲಿ ಹೆರಿಗೆ ನಂತರದ ಖಿನ್ನತೆ ಹೆಚ್ಚೆಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಕೈ ಮಾಡದೆ ದಿನಾ ಮಾತಿನಲ್ಲೇ ಚುಚ್ಚಿದರೂ ಅಷ್ಟೇ.

ಹೆರಿಗೆಯಾದ ಹೊಸತರಲ್ಲಿ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ. ಎರಡು ವಾರದೊಳಗೆ ತಾನೇ ಇಳಿಯುತ್ತದೆ. ನಿಮ್ಮ ತಂಗಿಯದು ಆ ಗಡಿ ದಾಟಿದೆ. ಕೂಸು ಮಲಗಿದಾಗಲೂ ಆಕೆಗೆ ನಿದ್ದೆ ಹತ್ತದಿದ್ದರೆ, ‘ಥಂಡಿ ಆಗ್ಯದ’ ಅಂತ ತಲೆಗೆ ಬಟ್ಟೆ ಕಟ್ಟಿ ಕೂರಿಸಿದರೆ ಸಾಲದು. ನೀವಿರುವ ಹುಬ್ಬಳ್ಳಿಯಿಂದ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ದೂರವೇನಲ್ಲ, ಕರೆದೊಯ್ಯಿರಿ. ಹಾಲುಣಿಸುವ ತಾಯಂದಿರು ವೈದ್ಯರ ಸಲಹೆಯಂತೆ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ. ಇಲ್ಲದ್ದು ಕಂಡಂತೆ, ಕೇಳಿದಂತೆ ಆಡಿದರೆ, ತನಗೋ ಕೂಸಿಗೋ ಏನಾದರೂ ಮಾಡುವ ಮಾತು ಬಂದರೆ ಅದೇ ದಿನ ಹೋಗಿ; ಒಬ್ಬಳನ್ನೇ ಬಿಡಬೇಡಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಬಾಣಂತನ ಮುಗಿಯಿತೆಂದು ತೊಟ್ಟಿಲ ಸಮೇತ ಗಂಡನ ಮನೆಗೆ ಕಳಿಸುವ ಅವಸರವಂತೂ ಬೇಡ (ಹಿರಿಯರು ‘ಮಂದಿ ಏನಂತಾರ’ ಅನ್ನುತ್ತಾರೆ, ಅನ್ನಲಿ). ಮಾತ್ರೆ ನುಂಗಿಸಿ ಅದೇ ಹೊಡೆತಕ್ಕೆ ಕಳಿಸಿದರೆ ಏನು ಬಂತು? ಕೌಟುಂಬಿಕ ದೌರ್ಜನ್ಯ ತಡೆಯ 2005ರ ಕಾಯ್ದೆಯಡಿ ತವರಿನಲ್ಲಿದ್ದುಕೊಂಡೇ ಅಲ್ಲಿನ ಕೋರ್ಟಿನಲ್ಲಿ ರಕ್ಷಣಾ ಆದೇಶ, ಖರ್ಚಿನ ಹಣ ಕೇಳಬಹುದು. ದಾರಿ ತಿಳಿಯಲು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಆದರೆ ಮೊದಲು ಆಕೆಯನ್ನೇ ಕೇಳಿ, ಸುತ್ತ ಯಾರೂ ಇಲ್ಲದಾಗ.